ನದಿ ಇಳಿಯಲಿಲ್ಲ, ನಾನು ವಾಪಸ್ ಬಂದೆ: ದೂರದ ಚಾರಣದಲ್ಲಿ ಹಿಂದಿರುಗುವ ನಿರ್ಧಾರ ನೀವು ಹೇಗೆ ಮಾಡ್ತೀರಿ?

ಹೊಳೆದಂಡೆ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದುತ್ತಾ ಮಾತ್ರ ಇದ್ದೆ, ಇದು ನನ್ನ ಮೊದಲ ಬರಹ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ನ್ಯೂಜಿಲೆಂಡಿನ ತೆ ಅರರೋವಾ ಹಾದಿಯನ್ನು ಒಂದೇ ಉಸಿರಿಗೆ ನಡೆದು ಮುಗಿಸಬೇಕು ಅಂತ ಅಕ್ಟೋಬರಿನಲ್ಲಿ ಹೊರಟೆ. ಉತ್ತರ ತುದಿಯ ಕೇಪ್ ರೆಯಿಂಗಾದಿಂದ ದಕ್ಷಿಣ ತುದಿಯ ಬ್ಲಫ್ ತನಕ ಸುಮಾರು 3,000 ಕಿ.ಮೀ. ಶುರುವಿನ ಮರಳ ತೀರದಲ್ಲೇ ಎರಡೂ ಹಿಮ್ಮಡಿ ಬೊಬ್ಬೆ ಎದ್ದು ಒಡೆದವು. ಉತ್ತರ ದ್ವೀಪದ ಕಾಡುಗಳಲ್ಲಿ ಮೊಣಕಾಲು ಮುಳುಗುವ ಕೆಸರು. ಅದನ್ನೆಲ್ಲ ದಾಟಿದೆ. ದಕ್ಷಿಣ ದ್ವೀಪದಲ್ಲಿ ರಿಚ್ಮಂಡ್ ಶ್ರೇಣಿ ಆಯ್ತು, 1,870 ಮೀಟರಿನ ವಾಯಾವು ಪಾಸ್ (ಬೆಟ್ಟದ ಸಾಲು ದಾಟುವ ದಾರಿ) ಆಯ್ತು. 101ನೇ ದಿನ ಹಾರ್ಪರ್ ಪಾಸ್ ಹತ್ತಿ ಪಶ್ಚಿಮಕ್ಕೆ, ತರಮಕಾವ್ ನದಿಯ ಕಣಿವೆಗೆ ಇಳಿದೆ. ಆ ರಾತ್ರಿಯೇ ಮಳೆ ಹಿಡಿಯಿತು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ನೀರು ಹಾಲು ಹಾಕಿದ ಕಾಫಿಯ ಬಣ್ಣ. ತಳದಲ್ಲಿ ಬಂಡೆಗಳು ಉರುಳುವ ಸದ್ದು ಪಾದಕ್ಕೆ ತಾಗುತ್ತಿತ್ತು. ರಾತ್ರಿ ಉಳಿದಿದ್ದ ಚಾರಣಿಗರ ಗುಡಿಸಲಿಗೆ ವಾಪಸ್ ಬಂದು ಕಾದೆ. ಎರಡನೇ ದಿನವೂ ಕಾದೆ. ಮಳೆ ಮಧ್ಯಾಹ್ನ ನಿಂತಂತೆ ಮಾಡಿ ಸಂಜೆ ಮತ್ತೆ ಸುರಿಯಿತು. ನನ್ನ ಜೊತೆ ಯಾರೂ ಇರಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಂದ ದಾರಿಯಲ್ಲೇ ಪಾಸ್ ಹತ್ತಿ ಹಿಂದಕ್ಕೆ ನಡೆದೆ. ರಸ್ತೆ ಸೇರಲು ಮೂರು ದಿನ ಹಿಡಿಯಿತು. ಆ ಮೂರು ದಿನದಲ್ಲಿ ಒಳಗಿದ್ದ ಹುರುಪೆಲ್ಲ ಬಸಿದುಹೋಯಿತು. ರಸ್ತೆಗೆ ಬಂದ ಮೇಲೆ ಮುಂದಿನ ಊರಿಗೆ ಹೋಗಿ ನಡಿಗೆ ಮುಂದುವರಿಸಬಹುದಿತ್ತು. ಆಗಲಿಲ್ಲ. ಟಿಕೆಟ್ ಮಾಡಿಸಿ ಮನೆಗೆ ಬಂದುಬಿಟ್ಟೆ.

ಈಗ ನಾಲ್ಕು ತಿಂಗಳಾಯಿತು. ನದಿಯಿಂದ ಹಿಂದಿರುಗಿದ್ದು ಸರಿ ಅಂತ ಬುದ್ಧಿ ಹೇಳುತ್ತೆ. ಆದರೂ ರಾತ್ರಿ ಎಚ್ಚರವಾದಾಗ ಆ ದಂಡೆಯೇ ಕಣ್ಣ ಮುಂದೆ ಬರುತ್ತೆ. ನಿಮ್ಮಲ್ಲಿ ಯಾರಾದರೂ ಹೀಗೆ ಅರ್ಧಕ್ಕೆ ತಿರುಗಿದ್ದೀರಾ? ಹೇಗೆ ನಿರ್ಧರಿಸಿದಿರಿ? ಆಮೇಲೆ ಏನು ಮಾಡಿದಿರಿ?

ನಕ್ಷೆಗಾರ (ಸೋಮವಾರ, ರಾತ್ರಿ 10:25)

ಮೊದಲು ನೀರಿನ ಮಾತು, ಯಾಕಂದ್ರೆ ಇದನ್ನು ಓದುವವರಲ್ಲಿ ಮುಂದೆ ಆ ದಂಡೆಯಲ್ಲಿ ನಿಲ್ಲುವವರು ಇರುತ್ತಾರೆ.

ನೀವು ಬರೆದಿರುವ ಎರಡು ಗುರುತು, ಕದಡಿದ ಬಣ್ಣ ಮತ್ತು ಬಂಡೆ ಉರುಳುವ ಸದ್ದು, ಇವುಗಳಲ್ಲಿ ಒಂದೇ ಇದ್ದರೂ ಸಾಕು, ಇಳಿಯಬಾರದು. ಮೂರನೆಯದು ತೇಲಿ ಬರುವ ಕೊಂಬೆ, ದಿಮ್ಮಿ. ಇನ್ನೊಂದು ಸುಲಭ ಪರೀಕ್ಷೆ ಇದೆ: ಒಂದು ಕಡ್ಡಿ ನೀರಿಗೆ ಎಸೆದು ದಂಡೆಯ ಮೇಲೆ ಅದರ ಜೊತೆ ನಡೆಯಿರಿ. ನಿಮ್ಮ ನಡಿಗೆಗಿಂತ ಅದು ಮುಂದೆ ಓಡಿದರೆ ಆ ನೀರು ನಿಮ್ಮದಲ್ಲ. ರಭಸ ಇದ್ದರೆ ತೊಡೆ ಮಟ್ಟದ ನೀರೂ ಗಟ್ಟಿ ಆಳನ್ನು ಕೆಡವುತ್ತೆ. ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತೆ. ನಿನ್ನೆ ಆರಾಮಾಗಿ ದಾಟಿದ ಹೊಳೆ ಇವತ್ತು ಬೇರೆಯದೇ ಆಗಿರೋದು ಇದಕ್ಕೇ.

ಆ ಪಶ್ಚಿಮದ ಕಣಿವೆಗಳ ಸ್ವಭಾವ ಏನಂದ್ರೆ, ಟಾಸ್ಮನ್ ಸಮುದ್ರದ ಮೋಡ ಬೆಟ್ಟದ ಸಾಲಿಗೆ ಬಡಿದು ಅಲ್ಲೇ ಸುರಿಯುತ್ತೆ. ಕಡಿದಾದ ಕಲ್ಲುಬೆಟ್ಟ, ನೀರು ಇಂಗಲು ಮಣ್ಣು ಕಡಿಮೆ. ಹಾಗಾಗಿ ಗಂಟೆಗಳಲ್ಲಿ ಏರುತ್ತೆ. ಒಳ್ಳೇ ಸುದ್ದಿ ಅಂದ್ರೆ ಮಳೆ ನಿಂತ ಮೇಲೆ ಇಳಿಯುವುದೂ ಅಷ್ಟೇ ಬೇಗ. ಹಾಗಾಗಿ ಅಲ್ಲಿ ಜೀವ ಉಳಿಸೋದು ಚೀಲದಲ್ಲಿರುವ ಹೆಚ್ಚುವರಿ ಊಟ. ನಿಮ್ಮ ಬಳಿ ಎಷ್ಟಿತ್ತು?

ಇದೇ ಹಾದಿಯಲ್ಲಿ ಮುಂದೆ ಬರುವ ರಾಕೈಯಾ, ರಂಗಿಟಾಟಾ ನದಿಗಳನ್ನು ಹಾದಿಯ ಭಾಗ ಅಂತಲೇ ಲೆಕ್ಕ ಹಾಕುವುದಿಲ್ಲ. ಅವು ಅಪಾಯದ ವಲಯ. ಹಾದಿ ಈ ದಂಡೆಯಲ್ಲಿ ಮುಗಿದು ಆಚೆ ದಂಡೆಯಲ್ಲಿ ಮತ್ತೆ ಶುರುವಾಗುತ್ತೆ, ನಡುವೆ ರಸ್ತೆಯಲ್ಲಿ ವಾಹನ ಹಿಡಿದು ಸುತ್ತಿ ಹೋಗಬೇಕು. ಹಾದಿಯನ್ನು ರೂಪಿಸಿದವರೇ "ಇಲ್ಲಿ ನಡೆಯಬೇಡಿ" ಅಂದಿರುವ ದೇಶ ಅದು. ಒಂದು ತುಂಡು ಬಿಟ್ಟರೆ ನಡಿಗೆ ಸುಳ್ಳಾಯ್ತು ಅನ್ನುವ ಭಾವನೆಯನ್ನು ದಯವಿಟ್ಟು ತೆಗೆದುಹಾಕಿ.

ಏರುಹಾದಿ (ಸೋಮವಾರ, ರಾತ್ರಿ 11:10)

ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನದಿಯಿಂದ ಹಿಂದೆ ಬಂದಿದ್ದು ಒಂದು ನಿರ್ಧಾರ. ರಸ್ತೆಯಿಂದ ಮನೆಗೆ ಬಂದಿದ್ದು ಇನ್ನೊಂದು. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದ್ದೀರಿ. ನಿದ್ದೆ ಕೆಡಿಸ್ತಿರೋದು ಎರಡನೇದು ಅಂತ ನನಗನಿಸುತ್ತೆ.

ನಾನು ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆದವನು. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿ, ಸುಮಾರು 4,265 ಕಿ.ಮೀ. ಮೊದಲ 1,100 ಕಿ.ಮೀ. ಮರುಭೂಮಿ. ಹನ್ನೆರಡನೇ ದಿನಕ್ಕೇ ಮನೆಗೆ ಹೋಗಬೇಕು ಅನಿಸಿತ್ತು. ಕಾಲು ಊದಿ ಶೂ ಹಿಡಿಸ್ತಿರಲಿಲ್ಲ, ಒಂದೂವರೆ ಸೈಜ್ ದೊಡ್ಡದು ಕೊಂಡೆ. ಆ ಹೊತ್ತಿಗೆ ಒಬ್ಬ ಹಳೇ ಚಾರಣಿಗ ಹೇಳಿದ: ಒದ್ದೆಯಾಗಿದ್ದಾಗ, ಹಸಿದಿದ್ದಾಗ, ಒಬ್ಬನೇ ಇದ್ದಾಗ ಬಿಡುವ ನಿರ್ಧಾರ ಮಾಡಬೇಡ. ಊರಿಗೆ ಹೋಗು, ಎರಡು ರಾತ್ರಿ ಹಾಸಿಗೆ ಮೇಲೆ ಮಲಗು, ಹೊಟ್ಟೆ ತುಂಬಾ ಉಣ್ಣು. ಮೂರನೇ ಬೆಳಿಗ್ಗೆಯೂ ಹೋಗಬೇಕು ಅನಿಸಿದರೆ ಹೋಗು. ಆ ನಿಯಮವನ್ನು ಐದು ತಿಂಗಳಲ್ಲಿ ನಾಲ್ಕು ಸಲ ಬಳಸಿದೆ. ನಾಲ್ಕೂ ಸಲ ಮೂರನೇ ಬೆಳಿಗ್ಗೆ ಚೀಲ ಹೆಗಲಿಗೇರಿತು.

ಅಮೆರಿಕದ ಇನ್ನೊಂದು ದೊಡ್ಡ ಹಾದಿ ಅಪಲೇಚಿಯನ್ ಟ್ರೇಲ್‌ನಲ್ಲಿ ಪೂರ್ತಿ ಮುಗಿಸುವ ಆಸೆಯಿಂದ ಹೊರಟವರಲ್ಲಿ ನಾಲ್ಕರಲ್ಲೊಬ್ಬರು ಮಾತ್ರ ಮುಗಿಸ್ತಾರೆ. ಉಳಿದ ಮೂವರನ್ನೂ ಬೆಟ್ಟ ತಡೆಯುವುದಿಲ್ಲ. ಎಷ್ಟೋ ಜನ ಬೇಸರಕ್ಕೆ, ಒಂಟಿತನಕ್ಕೆ, ದುಡ್ಡು ಮುಗಿದದ್ದಕ್ಕೆ ಹೋಗ್ತಾರೆ. ದುಡ್ಡು, ಪೆಟ್ಟು ಇವಕ್ಕೆ ಮದ್ದಿಲ್ಲ. ಬೇಸರಕ್ಕೆ ಇದೆ.

ಹೊಳೆದಂಡೆ (ಮಂಗಳವಾರ, ಬೆಳಿಗ್ಗೆ 6:15)

ನಕ್ಷೆಗಾರ ಅವರೇ, ಮುಂದಿನ ಊರು ಸೇರುವ ತನಕದ ಲೆಕ್ಕಕ್ಕಿಂತ ಹೆಚ್ಚಿಗೆ ಇದ್ದದ್ದು ಒಂದೇ ದಿನದ ಊಟ. ಮೂರನೇ ಬೆಳಿಗ್ಗೆ ಅರ್ಧಕ್ಕರ್ಧ ಮಾಡಿಕೊಂಡು ತಿನ್ನುತ್ತಿದ್ದೆ. ಹಿಂದಕ್ಕೆ ಮೂರು ದಿನ ನಡೆಯಲು ಅದು ಬೇಕಿತ್ತು. ಇನ್ನೊಂದು ದಿನ ಕಾದಿದ್ದರೆ ಹಿಂದಿರುಗುವ ದಾರಿಯೂ ಮುಚ್ಚುತ್ತಿತ್ತು.

ಏರುಹಾದಿ ಅವರೇ, ನಿಮ್ಮ ಮಾತು ಓದಿ ರಾತ್ರಿ ಬಹಳ ಹೊತ್ತು ಕೂತಿದ್ದೆ. ಬೇಜಾರಿಲ್ಲ. ಎರಡು ನಿರ್ಧಾರ ಅಂತ ನನಗೆ ಹೊಳೆದಿರಲಿಲ್ಲ. ರಸ್ತೆಗೆ ಬಂದ ದಿನ ಒದ್ದೆ ಬಟ್ಟೆಯಲ್ಲೇ ಟಿಕೆಟ್ ಮಾಡಿಸಿದೆ.

ದೂರದಾರಿ (ಮಂಗಳವಾರ, ಬೆಳಿಗ್ಗೆ 8:50)

ಎಮ್ಮಾ ಗೇಟ್‌ವುಡ್ ಬಗ್ಗೆ ಹೇಳಲೇಬೇಕು. ಈ ಅಜ್ಜಿಯ ಹೆಸರು ಹೇಳಿದಾಗ ಎಲ್ಲರೂ 1955 ನೆನೆಯುತ್ತಾರೆ. 67ನೇ ವಯಸ್ಸು, ಹನ್ನೊಂದು ಮಕ್ಕಳ ತಾಯಿ, ಕ್ಯಾನ್ವಾಸ್ ಶೂ, ಕೈಯಲ್ಲೇ ಹೊಲಿದ ಒಂದು ಜೋಳಿಗೆ, ಟೆಂಟಿಗೆ ಬದಲು ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಜಾರ್ಜಿಯಾದಿಂದ ಮೇನ್ ತನಕ ಅಪಲೇಚಿಯನ್ ಟ್ರೇಲ್ ಪೂರ್ತಿ ಒಬ್ಬರೇ ಒಂದೇ ಋತುವಿನಲ್ಲಿ ನಡೆದ ಮೊದಲ ಹೆಂಗಸು.

ಅದರ ಹಿಂದಿನ ವರ್ಷ, 1954, ಯಾರ ಬಾಯಲ್ಲೂ ಬರೋದಿಲ್ಲ. ಆ ವರ್ಷ ಅವರು ಉತ್ತರದ ತುದಿಯಿಂದ, ಮೇನ್‌ನ ಕಟಾಡಿನ್ ಬೆಟ್ಟದಿಂದ ಹೊರಟಿದ್ದರು. ಕೆಲವೇ ದಿನದಲ್ಲಿ ಕಾಡಲ್ಲಿ ದಾರಿ ತಪ್ಪಿತು, ಕನ್ನಡಕ ಒಡೆಯಿತು, ಊಟ ಮುಗಿಯಿತು. ಕೊನೆಗೆ ಅರಣ್ಯದವರು ಮನೆಗೆ ಹೋಗಿ ಅಂದರು. ಹೋದರು. ಮರುವರ್ಷ ಅದೇ ಹಾದಿಯನ್ನು ಇನ್ನೊಂದು ತುದಿಯಿಂದ ಶುರು ಮಾಡಿದರು. ಉತ್ತರದ ಆ ಕಷ್ಟದ ಕಾಡು ಈ ಸಲ ಕೊನೆಯಲ್ಲಿ ಬಂತು, ಅಷ್ಟು ಹೊತ್ತಿಗೆ ಕಾಲು ಪಳಗಿತ್ತು. ಆಮೇಲೆ ಅದೇ ಹಾದಿಯನ್ನು ಒಟ್ಟು ಮೂರು ಸಲ ಮುಗಿಸಿದರು.

ನನಗೆ 1954ರ ಅಜ್ಜಿಯೇ ಹೆಚ್ಚು ಹತ್ತಿರ. ಮುರಿದ ಕನ್ನಡಕ ಹಿಡಿದುಕೊಂಡು ಅಷ್ಟು ದೂರದ ಮನೆಗೆ ಹೋದವರು, ಆ ಚಳಿಗಾಲ ಪೂರ್ತಿ ಏನು ಯೋಚಿಸಿರಬಹುದು?

ಡಾಕ್ಟರಮ್ಮ (ಮಂಗಳವಾರ, ಮಧ್ಯಾಹ್ನ 2:05)

"ಬೇಸರದ ದಿನ ಬಿಡಬೇಡ" ಅನ್ನುವ ನಿಯಮ ಒಳ್ಳೆಯದೇ. ಆದರೆ ಅದನ್ನು ಎತ್ತರದ ಜಾಗಕ್ಕೆ ಒಯ್ಯಬೇಡಿ. ಅಲ್ಲಿ ಬೇಸರವೇ ರೋಗದ ಗುರುತಾಗಿರಬಹುದು. ತಲೆನೋವು, ಊಟ ಸೇರದಿರುವುದು, ಸುಮ್ಮನೆ ಒಂದು ಕಡೆ ಕೂತುಬಿಡುವುದು, ಯಾರ ಜೊತೆಯೂ ಮಾತು ಬೇಡ ಅನಿಸುವುದು: ಇವನ್ನು "ಮನಸ್ಸು ಗಟ್ಟಿ ಮಾಡ್ಕೋ" ಅಂತ ತಳ್ಳಿ ಮೇಲೆ ಕರೆದುಕೊಂಡು ಹೋದವರನ್ನು ನೋಡಿದ್ದೇನೆ.

3,000 ಮೀಟರ್ ದಾಟಿದ ಮೇಲೆ ನೀವು ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ಉಳಿಯಬೇಕು. ಹಗಲು ಮೇಲೆ ಹತ್ತಿ ಬಂದು ಕೆಳಗೆ ಮಲಗಬಹುದು, ಅದು ಒಳ್ಳೆಯದೇ. ಜೊತೆಗಾರರ ಮೇಲೆ ಅನುಮಾನ ಬಂದರೆ ನೆಲದ ಮೇಲೆ ಒಂದು ಗೆರೆ ಎಳೆದು, ಅದರ ಮೇಲೆ ಒಂದು ಕಾಲಿನ ಹಿಮ್ಮಡಿ ಇನ್ನೊಂದು ಕಾಲಿನ ಬೆರಳಿಗೆ ತಾಗುವ ಹಾಗೆ ಹೆಜ್ಜೆ ಇಡಲು ಹೇಳಿ. ಓಲಾಡಿದರೆ ಮಿದುಳಿಗೆ ನೀರು ತುಂಬುತ್ತಿರಬಹುದು. ಕೂತಲ್ಲೇ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶ. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದು, ಆಗಲೇ, ರಾತ್ರಿಯಾಗಿದ್ದರೂ, ಒಬ್ಬರನ್ನೇ ಕಳಿಸದೆ. ಅಸೆಟಜೋಲಮೈಡ್ ಮಾತ್ರೆ ಮೈ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುತ್ತೆ, ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಅದು ಇದೆ ಅಂತ ವೇಗವಾಗಿ ಹತ್ತುವ ಹಾಗಿಲ್ಲ.

ಚಳಿಯಲ್ಲೂ ಇದೇ ಕಥೆ. ಹಿಮಕ್ಕಿಂತ, ಐದಾರು ಡಿಗ್ರಿಯ ಗಾಳಿ ಮಳೆ ಮೋಸಗಾರ. ಮೈ ತಣ್ಣಗಾಗುತ್ತಾ ಹೋದವರು ಮೊದಲು ಗೊಣಗುತ್ತಾರೆ, ಆಮೇಲೆ ಮಾತು ತೊದಲುತ್ತೆ, ಕೈಯಿಂದ ವಸ್ತು ಜಾರುತ್ತೆ, ಕಾಲು ಎಡವುತ್ತೆ. ಹೊಳೆದಂಡೆ ಅವರೇ, ಹಸಿದು ಒದ್ದೆಯಾಗಿ ಆ ದಂಡೆಯಲ್ಲಿ ನಿಂತಿದ್ದಾಗ ನಿಮ್ಮ ಬುದ್ಧಿ ಸರಿಯಾಗಿ ಕೆಲಸ ಮಾಡಿದೆ. ಅದೇ ದೊಡ್ಡದು.

ಹಿಮಸಾಲು (ಮಂಗಳವಾರ, ಸಂಜೆ 7:30)

ಡಾಕ್ಟರಮ್ಮ ಹೇಳಿದ್ದಕ್ಕೆ ಜೋಡಿಸ್ತೀನಿ. ನೇಪಾಳದ ಅನ್ನಪೂರ್ಣ ಸುತ್ತಿನ ಚಾರಣದಲ್ಲಿ ತೊರೊಂಗ್ ಲಾ ಪಾಸ್, 5,416 ಮೀಟರ್. 2014ರ ಅಕ್ಟೋಬರ್ 14. ಬಂಗಾಳ ಕೊಲ್ಲಿಯ ಹುದ್‌ಹುದ್ ಚಂಡಮಾರುತ ಎರಡು ದಿನ ಮುಂಚೆ ವಿಶಾಖಪಟ್ಟಣದ ಹತ್ತಿರ ದಡ ಹತ್ತಿತ್ತು. ಅದರ ಉಳಿದ ಮೋಡವೆಲ್ಲ ಹಿಮಾಲಯಕ್ಕೆ ಹೋಗಿ ಹಿಮವಾಗಿ ಬಿತ್ತು. ಅಕ್ಟೋಬರ್ ಅಂದ್ರೆ ಅಲ್ಲಿ ಚಾರಣದ ಅತ್ಯುತ್ತಮ ತಿಂಗಳು, ಆಕಾಶ ತೊಳೆದಿಟ್ಟ ಹಾಗಿರುತ್ತೆ, ಜನ ತುಂಬಿರ್ತಾರೆ. ಆ ಹಿಮಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು. ಚಾರಣಿಗರಷ್ಟೇ ಅಲ್ಲ, ಗೈಡುಗಳು, ಹೊರೆ ಹೊರುವವರು, ಯಾಕ್ ಕಾಯುವವರು.

ನಾನು ಆ ಪಾಸಿಗೆ ಹೋಗಿದ್ದು ಅದಾದ ಕೆಲವು ವರ್ಷಕ್ಕೆ. ಹೈ ಕ್ಯಾಂಪ್‌ನಲ್ಲಿ ಬೆಳಗಿನ ಜಾವ ಎದ್ದಾಗ ಸಣ್ಣ ಹಿಮ. ಅರ್ಧ ಜನ ಹೊರಟರು. ನಮ್ಮ ಗೈಡ್ ಆಕಾಶ ನೋಡಿ "ಇವತ್ತು ಬೇಡ" ಅಂದ, ಎರಡನೇ ಮಾತಿಲ್ಲ. ಒಂಬತ್ತು ಗಂಟೆಗೆ ಬಿಸಿಲು ಬಂತು! ಹೋದವರೆಲ್ಲ ಸುಖವಾಗಿ ದಾಟಿದರು. ನಾವು ಒಂದು ದಿನ ಕಳೆದುಕೊಂಡೆವು. ಆದರೂ ಅವನ ನಿರ್ಧಾರ ಸರಿ ಅಂತಲೇ ನಾನು ಇವತ್ತಿಗೂ ಹೇಳೋದು. ಬೆಳಗಿನ ಜಾವ ಮೂರು ಗಂಟೆಗೆ ಅವನಿಗೆ ಗೊತ್ತಿದ್ದಷ್ಟರಲ್ಲಿ ಅದೇ ಸರಿ. ಆಮೇಲೆ ಬಿಸಿಲು ಬಂತು ಅಂತ ಮೂರು ಗಂಟೆಯ ನಿರ್ಧಾರ ತಪ್ಪಾಗಲ್ಲ.

ಅಕ್ಕ, ನೀವು ಹೋದ ಮರುದಿನ ನಿಮ್ಮ ನದಿಯೂ ಇಳಿದಿರಬಹುದು. ಅದನ್ನು ಹುಡುಕಲು ಹೋಗಬೇಡಿ.

ಹೊಳೆದಂಡೆ (ಮಂಗಳವಾರ, ರಾತ್ರಿ 8:10)

ಹುಡುಕಿದ್ದೆ. ಎರಡು ದಿನ ಬಿಟ್ಟು ಮೂವರು ಒಟ್ಟಾಗಿ ದಾಟಿದ್ದರು. ಅವರ ಫೋಟೋದಲ್ಲಿ ನೀರು ಮಂಡಿ ಮಟ್ಟ.

ನಕ್ಷೆಗಾರ (ಮಂಗಳವಾರ, ರಾತ್ರಿ 8:45)

ಮೂವರು. ಅದೇ ವ್ಯತ್ಯಾಸ. ಒಬ್ಬರ ಚೀಲದ ಪಟ್ಟಿಯನ್ನು ಇನ್ನೊಬ್ಬರು ಬೆನ್ನ ಹಿಂದಿನಿಂದ ಹಿಡಿದು, ಸಾಲಾಗಿ ನಿಂತು, ಗಟ್ಟಿಯವರು ನೀರು ಬರುವ ಕಡೆ ಇದ್ದು ದಾಟಿದರೆ ಒಬ್ಬರು ಎಡವಿದಾಗ ಇಬ್ಬರು ಹಿಡಿಯುತ್ತಾರೆ. ಒಂಟಿಯಾಗಿ ಹೋದವರಿಗೆ ಇರೋದು ಎರಡು ಕೋಲು ಮಾತ್ರ.

ಚೀಲದ ಬೆಲ್ಟ್ ಬಿಚ್ಚಬೇಕೋ ಬೇಡವೋ ಅನ್ನೋದರಲ್ಲಿ ದೇಶಕ್ಕೊಂದು ಪಾಠ ಇದೆ. ಅಮೆರಿಕದಲ್ಲಿ ಸೊಂಟದ್ದು, ಎದೆಯದು ಎರಡೂ ಬಿಚ್ಚು, ಬಿದ್ದರೆ ಚೀಲ ಕಳಚಿಕೋ ಅಂತಾರೆ. ನ್ಯೂಜಿಲೆಂಡಿನಲ್ಲಿ ಚೀಲವೇ ತೇಲುಗ ಅಂತ ಕಲಿಸ್ತಾರೆ: ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಿಗಿಯಾಗಿ ಕಟ್ಟಿದ್ದರೆ ಅದರಲ್ಲಿ ಗಾಳಿ ಇರುತ್ತೆ. ಎದೆಯ ಪಟ್ಟಿ ಬಿಚ್ಚುವುದರಲ್ಲಿ ಇಬ್ಬರೂ ಒಂದೇ. ನನ್ನ ಸಲಹೆ, ಯಾವುದಾದರೂ ಒಂದನ್ನು ಹೊಳೆಗೆ ಇಳಿಯುವ ಮೊದಲೇ ಸೊಂಟ ಮಟ್ಟದ ನಿಂತ ನೀರಿನಲ್ಲಿ ಅಭ್ಯಾಸ ಮಾಡಿ. ದಂಡೆಯಲ್ಲಿ ನಿಂತು ಯೋಚಿಸುವ ವಿಷಯ ಇದಲ್ಲ.

ಏರುಹಾದಿ (ಮಂಗಳವಾರ, ರಾತ್ರಿ 9:30)

ಒಂದು ವಿಷಯ ಒಪ್ಪಿಕೊಳ್ತೀನಿ. 2017ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ಹಿಮ ವಿಪರೀತ ಬಿದ್ದಿತ್ತು. ಆ ಬೇಸಿಗೆ ಪೆಸಿಫಿಕ್ ಕ್ರೆಸ್ಟ್ ಹಾದಿಯ ಹೊಳೆಗಳಲ್ಲಿ ಇಬ್ಬರು ಹೆಣ್ಣುಮಕ್ಕಳು, ಬೇರೆ ಬೇರೆ ಕಡೆ, ಒಬ್ಬೊಬ್ಬರೇ ದಾಟುವಾಗ ಮುಳುಗಿ ಹೋದರು. ಹಿಮ ಕರಗಿ ಬರುವ ಹೊಳೆ ಮಧ್ಯಾಹ್ನದಿಂದ ರಾತ್ರಿವರೆಗೆ ತುಂಬಿ ಹರಿಯುತ್ತೆ, ಬೆಳಗಿನ ಜಾವ ಕಡಿಮೆ. ಹಾಗಾಗಿ ಸಂಜೆ ದಂಡೆಯಲ್ಲಿ ಟೆಂಟ್ ಹಾಕಿ ಬೆಳಿಗ್ಗೆ ದಾಟೋದು ರೂಢಿ. ಆದರೆ ಮಳೆ ಹೊಳೆಗೆ ಈ ಗಡಿಯಾರ ಇಲ್ಲ.

ನನ್ನ ನಿಯಮ ಮನಸ್ಸಿಗೆ ಮಾತ್ರ. ನೀರಿಗೆ, ಎತ್ತರಕ್ಕೆ, ಚಳಿಗೆ ಹೊಂದಲ್ಲ. ನಿನ್ನೆ ಅದನ್ನು ಬಿಡಿಸಿ ಬರೆಯಬೇಕಿತ್ತು.

ಒಂಟಿಹೆಜ್ಜೆ (ಬುಧವಾರ, ಬೆಳಿಗ್ಗೆ 7:00)

ಹಿಂದಿರುಗುವುದರಲ್ಲಿ ಇನ್ನೊಂದು ಬಗೆ ಇದೆ, ಬರೀ 20 ಹೆಜ್ಜೆಯದು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳೋದಿಲ್ಲ.

2013ರಲ್ಲಿ ಅಪಲೇಚಿಯನ್ ಟ್ರೇಲ್‌ನ ಮೇನ್ ಭಾಗದಲ್ಲಿ 66 ವರ್ಷದ ಒಬ್ಬ ಅನುಭವಿ ಚಾರಣಿಗರು ಶೌಚಕ್ಕೆಂದು ಹಾದಿ ಬಿಟ್ಟು ಪಕ್ಕಕ್ಕೆ ಹೋದರು. ವಾಪಸ್ ಹಾದಿ ಸಿಗಲಿಲ್ಲ. ದಟ್ಟ ಕಾಡು. ಗಂಡನಿಗೆ ಮೆಸೇಜ್ ಕಳಿಸಲು ಮತ್ತೆ ಮತ್ತೆ ಪ್ರಯತ್ನಿಸಿದರು, ಸಿಗ್ನಲ್ ಇಲ್ಲದೆ ಒಂದೂ ಹೋಗಲಿಲ್ಲ. ಕನಿಷ್ಠ 26 ದಿನ ಬದುಕಿದ್ದರು ಅಂತ ಅವರ ಬರಹದಿಂದ ತಿಳಿಯಿತು. ಅವರ ಟೆಂಟ್ ಸಿಕ್ಕಿದ್ದು 2015ರಲ್ಲಿ. ಇದನ್ನು ಓದಿದ ಮೇಲೆ ನಾನು ಹಾದಿ ಬಿಡುವಾಗ ಒಂದು ಕೋಲನ್ನು ಹಾದಿಯ ಅಂಚಿಗೆ ನೆಟ್ಟು, ಹೋಗುವಾಗಲೇ ಎರಡು ಮೂರು ಸಲ ಹಿಂದೆ ತಿರುಗಿ ನೋಡುತ್ತೇನೆ. ಬರುವಾಗ ಕಾಣುವ ಕಾಡೇ ಬೇರೆ. ದಾರಿ ತಪ್ಪಿತು ಅನಿಸಿದ ಕ್ಷಣ ನಿಲ್ಲಬೇಕು, ಕೂರಬೇಕು. "ಇನ್ನೊಂದು ಸ್ವಲ್ಪ ಮುಂದೆ ಹೋದರೆ ಸಿಗುತ್ತೆ" ಅಂತ ನಡೆದಷ್ಟೂ ಹುಡುಕುವವರಿಂದ ದೂರ ಹೋಗ್ತೀವಿ.

ಫೋನ್ ನಂಬಬೇಡಿ. ಮೊಬೈಲ್ ಗೋಪುರ ಬೇಡದ ಉಪಗ್ರಹ ಸಾಧನ, ಇಲ್ಲವೇ 406 ಮೆಗಾಹರ್ಟ್ಸ್‌ನ ತುರ್ತು ಸಂಕೇತ ಸಾಧನ ಒಯ್ಯಿರಿ. ಹೋಗುವ ದೇಶದ ಕಾನೂನು ಮೊದಲು ನೋಡಿ. ಭಾರತದಲ್ಲಿ ಉಪಗ್ರಹ ಫೋನು, ಸಂದೇಶ ಸಾಧನಗಳನ್ನು ಅನುಮತಿ ಇಲ್ಲದೆ ಇಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ನ್ಯೂಜಿಲೆಂಡಿನ ಬೆಟ್ಟದ ಗುಡಿಸಲುಗಳಲ್ಲಿ ಇಟ್ಟಿರುವ ಪುಸ್ತಕದಲ್ಲಿ ಹೆಸರು, ತಾರೀಖು, ಮುಂದೆ ಎಲ್ಲಿಗೆ ಅಂತ ಬರೆಯುವ ಪದ್ಧತಿ ನನಗೆ ಬಹಳ ಇಷ್ಟ. ಅಲ್ಲಿ ಉಳಿಯದಿದ್ದರೂ ಒಳಗೆ ಹೋಗಿ ಬರೆದು ಮುಂದೆ ಹೋಗಬೇಕು. ಹುಡುಕುವವರು ಮೊದಲು ತೆರೆಯುವುದೇ ಅದನ್ನು. ಹೊಳೆದಂಡೆ ಅವರೇ, ನೀವು ಬರೆದಿದ್ದಿರಾ?

ಹೊಳೆದಂಡೆ (ಬುಧವಾರ, ಬೆಳಿಗ್ಗೆ 9:20)

ಬರೆದಿದ್ದೆ. ಬಂದ ದಿನ "ಮುಂದೆ: ನದಿ ದಾಟಿ ದಕ್ಷಿಣಕ್ಕೆ" ಅಂತ. ಹೊರಡುವ ದಿನ ಅದನ್ನು ಹೊಡೆದುಹಾಕಿ "ನೀರು ಇಳಿದಿಲ್ಲ. ಪಾಸ್ ಹತ್ತಿ ವಾಪಸ್" ಅಂತ ಬರೆದೆ. ಆ ಸಾಲು ಬರೆಯುವಾಗ ಅಳು ಬಂತು.

ದೂರದಾರಿ (ಬುಧವಾರ, ಮಧ್ಯಾಹ್ನ 12:40)

ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಸ್ಥಾನಗಳ ಸುತ್ತು ಇದೆ, ಸುಮಾರು 1,200 ಕಿ.ಮೀ. ಒಂದೇ ಸಲಕ್ಕೆ ನಡೆದು ಮುಗಿಸುವುದಕ್ಕೆ ತೋಶಿ-ಉಚಿ ಅಂತ ಹೆಸರು. ತುಂಡು ತುಂಡಾಗಿ, ವರ್ಷಕ್ಕಿಷ್ಟು ಅಂತ ನಡೆಯುವುದಕ್ಕೆ ಕುಗಿರಿ-ಉಚಿ. ಎರಡಕ್ಕೂ ಹೆಸರಿದೆ, ಎರಡೂ ಯಾತ್ರೆಯೇ. ಸ್ಪೇನಿನ ಕಮಿನೋ ಯಾತ್ರೆಯ ಹಾದಿಯಲ್ಲಿ ಕೂಡ ಎಷ್ಟೋ ಜನ ರಜೆ ಸಿಕ್ಕಾಗ ಒಂದು ವಾರ ನಡೆದು, ಮುಂದಿನ ವರ್ಷ ಬಿಟ್ಟ ಊರಿಂದಲೇ ಶುರು ಮಾಡ್ತಾರೆ. ಅದು ಮುಗಿಯುವ ಸಾಂತಿಯಾಗೋದಲ್ಲಿ ಪ್ರಮಾಣಪತ್ರಕ್ಕೆ ಕೇಳೋದು ಕನಿಷ್ಠ 100 ಕಿ.ಮೀ. ನಡಿಗೆ ಮಾತ್ರ.

ಒಂದೇ ಋತುವಿನಲ್ಲಿ ಮುಗಿಸಬೇಕು ಅನ್ನುವ ಹಟ ಅಮೆರಿಕದ ಮೂರು ದೊಡ್ಡ ಹಾದಿಗಳ ಜೊತೆ ಬೆಳೆದದ್ದು. ಅಪಲೇಚಿಯನ್ ಹಾದಿಯನ್ನು 1921ರಲ್ಲಿ ಬೆಂಟನ್ ಮೆಕಾಯ್ ಕಲ್ಪಿಸಿದಾಗ ಜನ ಅದನ್ನು ತುದಿಯಿಂದ ತುದಿಗೆ ಒಂದೇ ಸಲ ನಡೀತಾರೆ ಅಂತ ಯಾರೂ ಅಂದುಕೊಂಡಿರಲಿಲ್ಲ. 1937ರಲ್ಲಿ ಹಾದಿ ಪೂರ್ತಿಯಾಯ್ತು, 1948ರಲ್ಲಿ ಅರ್ಲ್ ಶೇಫರ್ ಮುಗಿಸಿ ತೋರಿಸಿದಾಗ ಮೊದಲು ಜನ ನಂಬಲೇ ಇಲ್ಲ. ಈಗ ಅದೇ ಅಳತೆಗೋಲಾಗಿದೆ.

ಹೊಳೆದಂಡೆ (ಬುಧವಾರ, ರಾತ್ರಿ 10:00)

ಎಲ್ಲರ ಮಾತು ಎರಡೆರಡು ಸಲ ಓದಿದೆ. ಜನವರಿಯಲ್ಲಿ ಮತ್ತೆ ಹೋಗುತ್ತೇನೆ. ಒಂದು ಪ್ರಶ್ನೆ: ನದಿಯ ಆಚೆ ದಂಡೆಯಿಂದ ಶುರು ಮಾಡಲೇ, ಇಲ್ಲ ಹಿಂದಿನ ರಸ್ತೆಯಿಂದ ಮತ್ತೆ ಹಾರ್ಪರ್ ಪಾಸ್ ಹತ್ತಿ ಬರಲೇ?

ನಕ್ಷೆಗಾರ (ಬುಧವಾರ, ರಾತ್ರಿ 10:20)

ರಸ್ತೆಯಿಂದಲೇ ಬನ್ನಿ. ಕಾಲು ಪಳಗಲು ಮೂರು ದಿನ ಸಿಗುತ್ತೆ, ಕಣಿವೆಯೂ ಪರಿಚಯದ್ದು. ಲೆಕ್ಕದ ಮೇಲೆ ಮೂರು ದಿನದ ಊಟ ಹೆಚ್ಚು. ಹೊರಡುವ ಮುಂಚೆ ಐದು ದಿನದ ಹವಾಮಾನ ನೋಡಿ, ವಾಯುವ್ಯದ ಗಾಳಿ ಇದ್ದರೆ ಊರಲ್ಲೇ ಕಾಯಿರಿ. ಗುಡಿಸಲಲ್ಲಿ ಕಾಯುವುದಕ್ಕಿಂತ ಅದು ಸುಲಭ.

ಏರುಹಾದಿ (ಬುಧವಾರ, ರಾತ್ರಿ 10:35)

ಅದಕ್ಕಿಂತ ಮುಂದೆ ಯಾವುದೋ ಊರಲ್ಲಿ ಬೇಸರ ಬಂದೇ ಬರುತ್ತೆ. ಎರಡು ರಾತ್ರಿ. ನೆನಪಿರಲಿ.

ಹೊಳೆದಂಡೆ (ಜನವರಿ, ಭಾನುವಾರ, ಸಂಜೆ 5:15)

ಇವತ್ತು ಸಿಗ್ನಲ್ ಸಿಕ್ಕಿತು, ಅದಕ್ಕೇ ಬರೆಯುತ್ತಿದ್ದೇನೆ. ಗುಡಿಸಲಲ್ಲಿ ಒಂದು ದಿನ ಕಾಯಬೇಕಾಯಿತು, ನಿನ್ನೆಯ ಹಿಂದಿನ ರಾತ್ರಿ ಮಳೆ. ಅಲ್ಲೇ ಸಿಕ್ಕ ಇಬ್ಬರ ಜೊತೆ ಚೀಲದ ಪಟ್ಟಿ ಹಿಡಿದು ಇವತ್ತು ಬೆಳಿಗ್ಗೆ ದಾಟಿದೆ. ನೀರು ತಿಳಿಯಾಗಿತ್ತು, ಮಂಡಿಗಿಂತ ಸ್ವಲ್ಪ ಮೇಲೆ. ತಳದ ಕಲ್ಲು ಕಾಣುತ್ತಿತ್ತು.

ಹಳೆಯ ಸಾಲು ನೋಡೋಣ ಅಂತ ಬಂದ ದಿನವೇ ಪುಸ್ತಕ ತೆರೆದಿದ್ದೆ. ಹಳೆಯದು ತುಂಬಿ, ಹೊಸದು ಇಟ್ಟಿದ್ದರು. ಹೆಸರು, ತಾರೀಖು ಬರೆದು, "ಮುಂದೆ" ಅಂತ ಇರುವ ಕಡೆ ಹೀಗೆ ಬರೆದೆ: ದಕ್ಷಿಣಕ್ಕೆ, ಬೆಳಿಗ್ಗೆ ನೀರು ನೋಡಿ.